ಥೇಮ್ಸ್ ನದಿಗೆ ಹಾಕಬೇಕಿದ್ದ ಹಸ್ತಪ್ರತಿ

ಮೈಸೂರಿನಿಂದ ಆಕ್ಸ್‌ಫರ್ಡಿಗೆ ಒಂದು ಸೂಚನೆ ಹೋಗಿತ್ತು: ಹಸ್ತಪ್ರತಿಯನ್ನು ಊರಿಗೆ ವಾಪಸು ಕಳಿಸಬೇಡ, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು. ಹೀಗೆಂದವರು ಆರ್. ಕೆ. ನಾರಾಯಣ್. ಆಗಿನ್ನೂ ಮೂವತ್ತು ದಾಟಿರದ, ಒಂದು ಪುಸ್ತಕವೂ ಅಚ್ಚಾಗಿರದ ಹುಡುಗ. ಸೂಚನೆ ತಲುಪಿದ್ದು ಅವರ ಗೆಳೆಯ ಕಿಟ್ಟು ಪೂರ್ಣ ಅವರಿಗೆ. ಅವರು ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜಿನಲ್ಲಿ ಓದುತ್ತಿದ್ದರು. ಪೂರ್ಣ ಗೆಳೆಯನ ಮಾತು ಕೇಳಲಿಲ್ಲ. ಅದೇ ಊರಿನಲ್ಲಿ ವಾಸವಾಗಿದ್ದ ಗ್ರಹಾಂ ಗ್ರೀನ್ ಎಂಬ ಇಂಗ್ಲಿಷ್ ಲೇಖಕನ ಕೈಗೆ ಆ ಕಟ್ಟನ್ನು ಕೊಟ್ಟರು. 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಹೊರಬಂತು.

ಮೈಸೂರಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು ಈ ಕತೆಯನ್ನು ಒಂದಲ್ಲ ಒಂದು ತರಗತಿಯಲ್ಲಿ ಕೇಳಿಯೇ ಇರುತ್ತಾರೆ. ಮೇಷ್ಟರು ಹೇಳುವಾಗ ಕಲ್ಲಿನಿಂದ ನೇರ ಗ್ರೀನ್‌ಗೆ ಹಾರುತ್ತಾರೆ, ಗ್ರೀನ್‌ನಿಂದ ಮಾಲ್ಗುಡಿಗೆ. ನನಗೆ ಮಾತ್ರ ನಡುವೆ ಬಿಟ್ಟುಹೋಗುವ ಒಂದು ಸಣ್ಣ ವಿವರದ ಮೇಲೆ ಆಸೆ. ಅದನ್ನು ಗ್ರೀನ್ ತಾನೇ ಮುಂದೆ 'ದಿ ಬ್ಯಾಚುಲರ್ ಆಫ್ ಆರ್ಟ್ಸ್'ಗೆ ಬರೆದ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ: ಆ ಪ್ರತಿ ಅವನ ಮೇಜಿನ ಮೇಲೆ ವಾರಗಟ್ಟಲೆ ಓದದೆ ಬಿದ್ದಿತ್ತು. ಅವನು ಅದನ್ನು ಕೈಗೆತ್ತಿಕೊಂಡದ್ದು ಒಂದು ಮಳೆಯ ದಿನ. ಅಷ್ಟರೊಳಗೆ ಅರ್ಧ ಡಜನ್ ಪ್ರಕಾಶಕರು ಅದನ್ನು ತಿರಸ್ಕರಿಸಿದ್ದರು. ಕಾಗದಗಳು ತಿರುಗಾಟದಿಂದ ಸವೆದಿದ್ದವು.

ಆ ವಾರಗಳ ಬಗ್ಗೆ ಬರೆಯಬೇಕೆನಿಸಿತು. ಕಾದಂಬರಿ ಬರೆದು, ಕಳಿಸಿ, ಕಾಯುವ ಅವಧಿಗೂ ಒಂದು ಚರಿತ್ರೆಯಿದೆ. ಅದು 'ಲಿಟರರಿ ಏಜೆಂಟ್' ಎಂಬ ಕಸುಬಿನ ಚರಿತ್ರೆಯ ಒಳಗೇ ಇದೆ.

ಕನ್ನಡದಲ್ಲಿ ಏಜೆಂಟ್ ಎಂದರೆ ಎಲ್‌ಐಸಿ ಏಜೆಂಟ್, ಪೇಪರ್ ಏಜೆಂಟ್, ಬಸ್ ಏಜೆಂಟ್. ಸಾಹಿತ್ಯಕ್ಕೂ ಒಬ್ಬ ಏಜೆಂಟ್ ಇರುತ್ತಾನೆ ಎಂದರೆ ನಮ್ಮ ಹಿರಿಯ ಲೇಖಕರಿಗೆ ನಗು ಬರುತ್ತದೆ. ಇಂಗ್ಲಿಷ್ ಪ್ರಕಟಣೆಯ ಲೋಕದಲ್ಲಿ ಸಂಗತಿ ಬೇರೆ. ಅಲ್ಲಿನ ದೊಡ್ಡ ಪ್ರಕಾಶನಗಳು ಲೇಖಕ ನೇರ ಕಳಿಸಿದ್ದನ್ನು ಸಾಮಾನ್ಯವಾಗಿ ನೋಡುವುದಿಲ್ಲ. ಲೇಖಕ ಮೊದಲು ಏಜೆಂಟರಿಗೆ ಒಂದು ಪತ್ರ, ಕಾದಂಬರಿಯ ಸಾರಾಂಶ, ಮೊದಲ ಮೂರು ಅಧ್ಯಾಯ ಕಳಿಸಬೇಕು. ಏಜೆಂಟ್ ಒಪ್ಪಿದರೆ ಅವರು ಪ್ರಕಾಶಕರ ಬಳಿ ಒಯ್ಯುತ್ತಾರೆ, ಕರಾರಿನ ಮಾತಾಡುತ್ತಾರೆ, ಲೇಖಕನಿಗೆ ಬಂದ ಹಣದಲ್ಲಿ ತಮ್ಮ ಪಾಲು ಇಟ್ಟುಕೊಳ್ಳುತ್ತಾರೆ.

ಈ ಕಸುಬನ್ನು ಕಸುಬಾಗಿ ನಿಲ್ಲಿಸಿದವರು ಎ. ಪಿ. ವಾಟ್ ಎಂಬ ಸ್ಕಾಟ್ಲೆಂಡಿನ ಮನುಷ್ಯ. ಪ್ರಕಾಶಕನಾಗಿದ್ದ ಭಾವನ ಬಳಿ ಕೆಲಸ ಮಾಡಿ, ಜಾಹೀರಾತು ವ್ಯವಹಾರವನ್ನೂ ನೋಡಿದವರು. 1870ರ ದಶಕದಲ್ಲಿ ಕಾದಂಬರಿಕಾರ ಜಾರ್ಜ್ ಮ್ಯಾಕ್‌ಡೊನಾಲ್ಡ್ ಎಂಬ ಸ್ನೇಹಿತ ತನ್ನ ಕತೆಗಳನ್ನು ಮಾರಿಕೊಡುವೆಯಾ ಎಂದು ಕೇಳಿದ್ದರಿಂದ ಶುರುವಾಯಿತು ಎನ್ನುತ್ತಾರೆ. ಸ್ನೇಹಕ್ಕಾಗಿ ಮಾಡಿದ್ದು ಹತ್ತು ಪರ್ಸೆಂಟ್ ಕಮಿಷನ್ನಿನ ವ್ಯಾಪಾರವಾಯಿತು. ಕಿಪ್ಲಿಂಗ್, ಕಾನನ್ ಡಾಯ್ಲ್, ರೈಡರ್ ಹ್ಯಾಗರ್ಡ್ ಎಲ್ಲರೂ ವಾಟ್ ಅವರ ಕಕ್ಷಿದಾರರಾದರು. 1884ರಲ್ಲಿ ಲೇಖಕರ ಸಂಘ ಕಟ್ಟಿದ ವಾಲ್ಟರ್ ಬೆಸೆಂಟ್ ಕೂಡ ಇವರ ಕಡೆಯೇ. ವಿಲಿಯಂ ಹೈನೆಮನ್‌ನಂಥ ಪ್ರಕಾಶಕರಿಗೆ ಇದು ಹಿಡಿಸಲಿಲ್ಲ. ಲೇಖಕನಿಗೂ ಪ್ರಕಾಶಕನಿಗೂ ನಡುವೆ ಬಂದು ಕೂತ ಪರಾವಲಂಬಿ ಎಂಬುದು ಅವರ ಸಿಟ್ಟು. ಈ ಜಗಳದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಅದೆಲ್ಲ ಹಣದ ಜಗಳ.

ಹಣದ ಜೊತೆಗೆ ಏಜೆಂಟ್ ಇನ್ನೊಂದನ್ನೂ ವಹಿಸಿಕೊಂಡಿದ್ದ. ಅದು ಕಾಯುವಿಕೆ. ಏಜೆಂಟ್ ಇಲ್ಲದೆ ಕಾಯುವುದು ಹೇಗಿರುತ್ತಿತ್ತು ಎಂಬುದಕ್ಕೆ ಜೋಸೆಫ್ ಕಾನ್ರಾಡ್‌ನ ಮೊದಲ ಪುಸ್ತಕವನ್ನು ನೋಡಬೇಕು. ಪೋಲೆಂಡಿನಿಂದ ಬಂದು ಇಂಗ್ಲಿಷ್ ಹಡಗುಗಳಲ್ಲಿ ದುಡಿದವನು. ಇಂಗ್ಲಿಷ್ ಅವನ ಮೂರನೆಯ ಭಾಷೆ. 1894ರ ಜುಲೈ 4ರಂದು 'ಆಲ್ಮೇಯರ್ಸ್ ಫಾಲಿ'ಯ ಹಸ್ತಪ್ರತಿಯನ್ನು ಲಂಡನ್ನಿನ ಫಿಶರ್ ಅನ್ವಿನ್ ಪ್ರಕಾಶನಕ್ಕೆ ಕಳಿಸಿದ. ತನ್ನ ಹೆಸರು ಹಾಕಲಿಲ್ಲ. 'ಕಮುದಿ' ಎಂದು ಹಾಕಿದ. ಮಲಯ ಭಾಷೆಯಲ್ಲಿ ಹಡಗಿನ ಚುಕ್ಕಾಣಿಗೆ ಆ ಹೆಸರು. ಜುಲೈ ಕಳೆಯಿತು, ಆಗಸ್ಟ್ ಕಳೆಯಿತು. ಸೆಪ್ಟೆಂಬರಿನಲ್ಲಿ ಹಸ್ತಪ್ರತಿಯ ಗತಿ ಏನೆಂದು ಕೇಳಿ ಪ್ರಕಾಶಕರಿಗೆ ಬರೆದ. ಕಾಯುವವನ ಮನಸ್ಸು ಎಲ್ಲೆಲ್ಲಿ ಹೋಗುತ್ತದೆ ನೋಡಿ: ಬಂಧುವೂ ಲೇಖಕಿಯೂ ಆಗಿದ್ದ ಮಾರ್ಗರೀತ್ ಪೊರಾದೋವ್‌ಸ್ಕಾಗೆ ಪತ್ರ ಬರೆದು, ಇಂಗ್ಲಿಷಿನವರಿಗೆ ಬೇಡವಾದರೆ ಇದನ್ನು ಫ್ರೆಂಚಿಗೆ ಮಾಡಿ ಅಲ್ಲಿ ಪ್ರಕಟಿಸೋಣವೇ ಎಂದು ಕೇಳಿದ. ನಾವು ಇಂದು ಇಂಗ್ಲಿಷಿನ ಮಹಾ ಕಾದಂಬರಿಕಾರ ಎನ್ನುವವನು ಆ ಬೇಸಿಗೆಯಲ್ಲಿ ಫ್ರೆಂಚ್ ಅನುವಾದದ ಹಿಂಬಾಗಿಲಿನಿಂದ ಒಳಬರುವ ಲೆಕ್ಕ ಹಾಕುತ್ತಿದ್ದ.

ಅಕ್ಟೋಬರ್ ಮೊದಲ ವಾರ ಉತ್ತರ ಬಂತು. ಪ್ರಕಾಶನದ ಓದುಗರಾದ ಚೆಸ್ಸನ್ ಮತ್ತು ಎಡ್ವರ್ಡ್ ಗಾರ್ನೆಟ್ ಮೆಚ್ಚಿದ್ದರು. ಹಕ್ಕುಗಳಿಗೆ ಇಪ್ಪತ್ತು ಪೌಂಡ್. ಮೂರು ತಿಂಗಳು ಕಾದ ಮೇಲೆ ಕಾನ್ರಾಡ್ ಚೌಕಾಸಿ ಮಾಡುವ ಸ್ಥಿತಿಯಲ್ಲಿರಲಿಲ್ಲ. ಕಾದು ದಣಿದವನು ಕೊಟ್ಟ ಬೆಲೆಗೆ ಒಪ್ಪುತ್ತಾನೆ, ಇದು ಸಂತೆಯಲ್ಲಿ ಸಂಜೆಯ ಹೊತ್ತಿಗೆ ಸೊಪ್ಪು ಮಾರುವವರಿಗೂ ಗೊತ್ತು.

ಮುಂದೆ ಕಾನ್ರಾಡ್‌ಗೆ ಜೇಮ್ಸ್ ಪಿಂಕರ್ ಎಂಬ ಏಜೆಂಟ್ ಸಿಕ್ಕರು. 1896ರಲ್ಲಿ ಲಂಡನ್ನಿನಲ್ಲಿ ಕಚೇರಿ ತೆರೆದವರು. ವಾಟ್ ಹೆಸರಾದವರ ಹಿಂದೆ ಹೋದರೆ ಪಿಂಕರ್ ಹೊಸಬರ ಮೇಲೆ, ಕಷ್ಟದಲ್ಲಿದ್ದವರ ಮೇಲೆ ಪಣ ಕಟ್ಟಿದರು. ಕಾನ್ರಾಡ್ ಬರೆಯುವುದು ನಿಧಾನ, ಖರ್ಚು ಜಾಸ್ತಿ, ಮೇಲೆ ಕಾಯಿಲೆ. ಪಿಂಕರ್ ಮುಂಗಡ ಕೊಡುತ್ತ ಹೋದರು. ಪುಟ ಬಂದಂತೆ ಹಣ. ಪುಟ ಬಾರದಿದ್ದರೂ ಹಣ. ಈಗ ಕಾಯುವವರು ತಿರುಗುಮುರುಗಾದರು: ಲೇಖಕ ಬರೆಯುತ್ತಾನೋ ಇಲ್ಲವೋ ಎಂದು ಏಜೆಂಟ್ ಕಾಯಬೇಕಾಯಿತು. 1910ರ ಹೊತ್ತಿಗೆ ಸಾಲ ಎರಡು ಸಾವಿರ ಪೌಂಡ್ ದಾಟಿತ್ತು. ಆ ವರ್ಷದ ಜನವರಿಯಲ್ಲಿ 'ಅಂಡರ್ ವೆಸ್ಟರ್ನ್ ಐಸ್' ಮುಗಿಸಿಕೊಂಡು ಹೋದ ಕಾನ್ರಾಡ್‌ಗೂ ಪಿಂಕರ್‌ಗೂ ದೊಡ್ಡ ಜಗಳವಾಯಿತು. ಜಗಳದ ಭರದಲ್ಲಿ ಪಿಂಕರ್ ಅವನ ಇಂಗ್ಲಿಷಿನ ಬಗ್ಗೆ ಚುಚ್ಚಿದರು. ಮನೆಗೆ ಬಂದ ಕಾನ್ರಾಡ್ ಹಾಸಿಗೆ ಹಿಡಿದ. ಜ್ವರದ ಬಡಬಡಿಕೆಯಲ್ಲಿ ಪೋಲಿಷ್ ಮಾತಾಡಿದ. ಇಬ್ಬರ ನಡುವೆ ಬಹಳ ಕಾಲ ಮಾತಿರಲಿಲ್ಲ. ಆಮೇಲೆ ರಾಜಿಯಾದರು.

ನನ್ನ ಪ್ರಕಾರ ಪಿಂಕರ್ ಮಾಡಿದ್ದು ಸಾಹಿತ್ಯ ಚರಿತ್ರೆಯಲ್ಲಿ ಸಣ್ಣ ಕೆಲಸವಲ್ಲ. ಲೇಖಕ ಕಾಯುವ ದಿನಗಳಿಗೂ ಮನೆ ಬಾಡಿಗೆ ಇರುತ್ತದೆ, ಅಕ್ಕಿ ಬೇಳೆ ಇರುತ್ತದೆ ಎಂದು ಆ ಮನುಷ್ಯ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರು. ಚುಚ್ಚಿದ ಮಾತಿಗೆ ಕ್ಷಮೆಯಿಲ್ಲ, ಅದು ಬೇರೆ.

ಲಂಡನ್ನಿನಲ್ಲೇ ಇದ್ದವನ ಪಾಡು ಹೀಗಾದರೆ ಮೈಸೂರಿನಲ್ಲಿದ್ದವರದ್ದು? ನಾರಾಯಣ್ ಕಾದಂಬರಿಯ ಮೊದಲ ಸಾಲು ಬರೆದದ್ದು 1930ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನಲ್ಲಿ, ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನ. ತಂದೆ ಮೈಸೂರಿನಲ್ಲಿ ಹೈಸ್ಕೂಲಿನ ಹೆಡ್‌ಮಾಸ್ಟರು. ಮಗ ಬಿ.ಎ. ಮುಗಿಸಿ, ಮೇಷ್ಟರ ಕೆಲಸಕ್ಕೆ ಸೇರಿ ಬಿಟ್ಟು ಬಂದು, ಬರೆಯುತ್ತೇನೆಂದು ಮನೆಯಲ್ಲಿ ಕೂತಿದ್ದ. ಬರವಣಿಗೆಯಿಂದ ಮೊದಲ ವರ್ಷ ಬಂದದ್ದು 9 ರೂಪಾಯಿ 12 ಆಣೆ. ಸಂಸಾರ ಶುರುವಾದ ಮೇಲೆ ಮದರಾಸಿನ 'ಜಸ್ಟಿಸ್' ಪತ್ರಿಕೆಗೆ ಮೈಸೂರಿನ ಸುದ್ದಿ ಹೊಂದಿಸುವ ವರದಿಗಾರರಾದರು. ಕೋರ್ಟು, ಪೊಲೀಸು, ಮುನ್ಸಿಪಾಲಿಟಿ ಎಂದು ಬೆಳಗಿನಿಂದ ಓಡಾಟ. ಅವರು ಹೀಗೆ ಓಡಾಡುತ್ತಿದ್ದ ವರ್ಷಗಳಲ್ಲೇ ಹಸ್ತಪ್ರತಿಯೂ ಲಂಡನ್ನಿನಲ್ಲಿ ಬಾಗಿಲಿನಿಂದ ಬಾಗಿಲಿಗೆ ಓಡಾಡುತ್ತಿತ್ತು.

ಆಗಿನ ಅಂಚೆಯನ್ನು ನೆನೆಸಿಕೊಳ್ಳಿ. ಲಂಡನ್ನಿನಿಂದ ಕರಾಚಿಗೆ ವಿಮಾನದ ಟಪಾಲು 1929ರಲ್ಲೇ ಶುರುವಾಗಿ ಒಂದು ವಾರದಲ್ಲಿ ತಲುಪುತ್ತಿತ್ತು ನಿಜ, ಆದರೆ ತೂಕಕ್ಕೆ ತಕ್ಕ ದರ. ಇನ್ನೂರು ಚಿಲ್ಲರೆ ಹಾಳೆಯ ಕಟ್ಟನ್ನು ವಿಮಾನದಲ್ಲಿ ಕಳಿಸುವುದು ತಿಂಗಳಿಗೆ ಹತ್ತಿಪ್ಪತ್ತು ರೂಪಾಯಿ ಕಾಣುವವನ ಕೆಲಸವಲ್ಲ. ಹಡಗಿನಲ್ಲಿ ಹೋಗಲು ಎರಡು ಮೂರು ವಾರ, ಪ್ರಕಾಶಕರ ಕಪಾಟಿನಲ್ಲಿ ಎಷ್ಟೋ ವಾರ, ಬರಲು ಮತ್ತೆ ಎರಡು ಮೂರು ವಾರ. ವಾಪಸು ಬರುವ ಖರ್ಚೂ ಲೇಖಕನದೇ. ಇಂಗ್ಲೆಂಡಿನಲ್ಲಿರುವವನು ತನ್ನ ವಿಳಾಸ ಬರೆದು ಚೀಟಿ ಅಂಟಿಸಿದ ಲಕೋಟೆ ಇಟ್ಟರೆ ಸಾಕು. ಮೈಸೂರಿನ ಅಂಚೆಚೀಟಿ ಲಂಡನ್ನಿನಲ್ಲಿ ನಡೆಯುವುದಿಲ್ಲ. ಇದಕ್ಕೆಂದೇ 1906ರಲ್ಲಿ ರೋಮ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಅಂಚೆ ಸಮ್ಮೇಳನ ಒಂದು ಕೂಪನ್ ಕಂಡುಹಿಡಿದಿತ್ತು. ಇಲ್ಲಿ ಕೊಂಡು ಅಲ್ಲಿ ಕೊಟ್ಟರೆ ಒಂದು ಪತ್ರಕ್ಕಾಗುವಷ್ಟು ಚೀಟಿ ಸಿಗುತ್ತಿತ್ತು. ಪರದೇಶದ ಸಂಪಾದಕರಿಗೆ ಬರೆಯುವವರ ಪಾಲಿಗೆ ಈ ಕೂಪನ್ ದೇವರ ಪ್ರಸಾದ. ಸಾಹಿತ್ಯ ಚರಿತ್ರೆಯ ಯಾವ ಪುಸ್ತಕದ ಸೂಚಿಯಲ್ಲೂ ಇದು ನನ್ನ ಕಣ್ಣಿಗೆ ಬಿದ್ದಿಲ್ಲ. ಒಂದು ಪುಟವಾದರೂ ಸಲ್ಲಬೇಕಿತ್ತು.

ಈ ಹಿನ್ನೆಲೆಯಲ್ಲಿ ಕಲ್ಲು ಕಟ್ಟು ಎಂಬ ಮಾತು ಬರೀ ಹತಾಶೆಯ ಮಾತಾಗಿ ನನಗೆ ಕಾಣುವುದಿಲ್ಲ. ಹಿಂದಿರುಗಿ ಬರುವ ಕಟ್ಟಿಗೆ ಇನ್ನು ನಾನು ಕಾಯಲಾರೆ ಎಂಬ ತೀರ್ಮಾನವೂ ಅದರಲ್ಲಿದೆ.

ಪೂರ್ಣ ಆ ಸಾಲಿನಿಂದ ಹಸ್ತಪ್ರತಿಯನ್ನು ಎತ್ತಿ ಬೇರೆ ದಾರಿಗೆ ಹಾಕಿದರು. ಗ್ರೀನ್ ಓದಿದ, ಮೆಚ್ಚಿದ, ಹ್ಯಾಮಿಶ್ ಹ್ಯಾಮಿಲ್ಟನ್ ಪ್ರಕಾಶನಕ್ಕೆ ಶಿಫಾರಸು ಮಾಡಿದ. ಒಪ್ಪಿಗೆಯಾದ ಸುದ್ದಿ, ಅದಕ್ಕೆ ಕಾರಣ ಗ್ರೀನ್ ಎಂಬ ಮಾತು, ಎರಡೂ ಪೂರ್ಣ ಅವರ ತಂತಿಯಲ್ಲಿ ಮೈಸೂರಿಗೆ ಬಂದವು. 'ಸ್ವಾಮಿ, ದಿ ಟೇಟ್' ಎಂಬ ಹೆಸರು ಬದಲಾಯಿತು. ನಾರಾಯಣಸ್ವಾಮಿ ಎಂಬ ಉದ್ದದ ಹೆಸರು ಇಂಗ್ಲಿಷ್ ನಾಲಿಗೆಗೆ ಕಷ್ಟವೆಂದು ನಾರಾಯಣ್ ಆಯಿತು. ಗ್ರೀನ್ ತನ್ನ ಏಜೆಂಟ್ ಡೇವಿಡ್ ಹೈಯಮ್‌ಗೂ ಅವರನ್ನು ಜೋಡಿಸಿದ. ಹೈಯಮ್ ಅದೇ 1935ರಲ್ಲಿ ಕರ್ಟಿಸ್ ಬ್ರೌನ್ ಸಂಸ್ಥೆಯನ್ನು ಬಿಟ್ಟು ನ್ಯಾನ್ಸಿ ಪರ್ನ್, ಲಾರೆನ್ಸ್ ಪೊಲಿಂಜರ್ ಜೊತೆ ಸ್ವಂತ ಸಂಸ್ಥೆ ಕಟ್ಟಿದವರು.

ಇಲ್ಲಿಂದ ಮುಂದಿನದು ಪವಾಡದ ಕತೆಯಲ್ಲ. 'ಸ್ವಾಮಿ' ಹೆಚ್ಚು ಮಾರಾಟವಾಗಲಿಲ್ಲ. ಎರಡನೆಯ ಕಾದಂಬರಿ 1937ರಲ್ಲಿ ನೆಲ್ಸನ್‌ನಿಂದ ಬಂತು, ಮೂರನೆಯದು 1938ರಲ್ಲಿ ಮ್ಯಾಕ್‌ಮಿಲನ್‌ನಿಂದ. ಮರುವರ್ಷ ಹೆಂಡತಿ ರಾಜಂ ಟೈಫಾಯ್ಡ್‌ನಿಂದ ತೀರಿಕೊಂಡರು. ನಾಲ್ಕನೆಯದು 1945ರಲ್ಲಿ, ಗ್ರೀನ್ ಕೆಲಸ ಮಾಡುತ್ತಿದ್ದ ಐರ್ ಅಂಡ್ ಸ್ಪಾಟಿಸ್‌ವುಡ್‌ನಿಂದ. ಹತ್ತು ವರ್ಷ, ನಾಲ್ಕು ಪುಸ್ತಕ, ನಾಲ್ವರು ಪ್ರಕಾಶಕರು. ಪ್ರತಿ ಸಲವೂ ಮತ್ತೆ ಮೊದಲಿನಿಂದ. ಆದರೆ ಈಗ ಲಂಡನ್ನಿನಲ್ಲಿ ಒಬ್ಬರು ಬಾಗಿಲು ತಟ್ಟುವವರಿದ್ದರು. ಏಜೆಂಟ್ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ನಾಲ್ಕು ಇಸವಿಗಳನ್ನು ಹೇಳುತ್ತೇನೆ. ಆ ಏಜೆಂಟರ ಬಾಗಿಲಿಗೆ ಹೋಗಲು ಏನು ಬೇಕು ಎಂದು ಕೇಳಿದರೆ, ಕಿಟ್ಟು ಪೂರ್ಣ ಬೇಕು ಎನ್ನಬೇಕಾಗುತ್ತದೆ. ಸ್ನೇಹಿತನೊಬ್ಬ ಆಕ್ಸ್‌ಫರ್ಡಿನಲ್ಲಿ ಓದುತ್ತಿರದಿದ್ದರೆ ಮಾಲ್ಗುಡಿ ಇರುತ್ತಿತ್ತೇ? ಮೈಸೂರಿನ ಯಾವುದೋ ಪೆಟ್ಟಿಗೆಯಲ್ಲಿ ಇರುತ್ತಿತ್ತೇನೋ. ಅಂಥ ಪೆಟ್ಟಿಗೆಗಳು ಎಷ್ಟಿದ್ದವು?

ಚರಿತ್ರೆಯ ವಿದ್ಯಾರ್ಥಿಗೆ ಇದು ಬರೀ ಭಾವುಕ ಪ್ರಶ್ನೆಯಲ್ಲ. ವಾಟ್ ಸಂಸ್ಥೆಯ ಕಡತಗಳು ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿವೆ, ಹೈಯಮ್ ಸಂಸ್ಥೆಯವು ಟೆಕ್ಸಸ್ಸಿನ ಆಸ್ಟಿನ್ನಿನಲ್ಲಿ. ಇಂಥ ಕಡತಗಳು ಸಾಮಾನ್ಯವಾಗಿ ತೆರೆಯುವುದು ಒಪ್ಪಿಗೆಯಾದ ಲೇಖಕನ ಹೆಸರಿನಲ್ಲಿ. ಕಾದು ಕಾದು ಬಿಟ್ಟವರ ಹೆಸರಿನಲ್ಲಿ ಯಾರೂ ಕಡತ ತೆರೆಯುವುದಿಲ್ಲ. ನಮಗೆ ಕಾನ್ರಾಡ್‌ನ ಮೂರು ತಿಂಗಳು ಗೊತ್ತಿರುವುದು ಆತ ಕಾನ್ರಾಡ್ ಆದ್ದರಿಂದ.

ನಾನೂ ಈಗ ಕಾಯುವವರ ಸಾಲಿನಲ್ಲಿದ್ದೇನೆ, ಹೇಳಿಬಿಡುತ್ತೇನೆ. ನನ್ನ ಪಿಎಚ್.ಡಿ. ಕನ್ನಡ ಪುಸ್ತಕ ಪ್ರಕಟಣೆಯ ಚರಿತ್ರೆಯ ಮೇಲೆ. ಅದರ ನಡುವೆ ಸಿಕ್ಕ ಒಂದು ಹಳೆಯ ಕಾದಂಬರಿಯನ್ನು ಎರಡು ವರ್ಷ ಕೂತು ಇಂಗ್ಲಿಷಿಗೆ ತಂದೆ. ಲೇಖಕರು ಧಾರವಾಡದ ಕಡೆಯವರು, ಎಂಬತ್ತರ ಹತ್ತಿರದವರು. ಅವರ ಒಪ್ಪಿಗೆ ಪತ್ರದ ಜೊತೆ ಏಳು ಏಜೆಂಟರಿಗೆ ಮೊದಲ ಮೂರು ಅಧ್ಯಾಯ ಕಳಿಸಿದೆ. ಇಬ್ಬರು ಬೇಡವೆಂದರು, ಒಬ್ಬರು ಬಹಳ ಒಳ್ಳೆಯ ಮಾತಾಡಿ ಬೇಡವೆಂದರು. ಉಳಿದ ನಾಲ್ಕು ಕಡೆಯಿಂದ ಸದ್ದಿಲ್ಲ. ಅವರಲ್ಲೊಬ್ಬರ ಪುಟದಲ್ಲಿ, ಹನ್ನೆರಡು ವಾರದೊಳಗೆ ಉತ್ತರ ಬರದಿದ್ದರೆ ಬೇಡವೆಂದು ತಿಳಿಯಿರಿ ಎಂದು ಬರೆದಿದೆ.

ಇದು ಹೊಸದು. ಕಾಗದದ ಕಾಲದಲ್ಲಿ 'ಬೇಡ' ಎನ್ನುವುದಕ್ಕೂ ಅಂಚೆಖರ್ಚಿತ್ತು, ಅದನ್ನು ಲೇಖಕ ಮೊದಲೇ ಕಟ್ಟಿರುತ್ತಿದ್ದ. ಕಟ್ಟು ವಾಪಸು ಬಂದರೆ ಅದೇ ಉತ್ತರ. ಒಳಗೆ ಅಚ್ಚು ಹಾಕಿದ ಎರಡು ಸಾಲಿನ ಚೀಟಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಯಾರೋ ಅದನ್ನು ಮೇಜಿನಿಂದ ಎತ್ತಿ, ಲಕೋಟೆಗೆ ತುರುಕಿ, ಅಂಟು ಹಚ್ಚಿದ್ದಾರೆ ಎಂಬುದಾದರೂ ಖಾತ್ರಿ. ಗ್ರೀನ್ ಆ ಪ್ರತಿಯ ಸವೆತವನ್ನು ಗಮನಿಸಿದ್ದು ಸವೆಯುವ ವಸ್ತು ಅವನ ಮುಂದಿದ್ದದ್ದರಿಂದ. ಈಮೇಲಿನಲ್ಲಿ ಕಳಿಸುವುದಕ್ಕೂ ಖರ್ಚಿಲ್ಲ, ಸುಮ್ಮನಿರುವುದಕ್ಕೂ ಖರ್ಚಿಲ್ಲ. ಹಾಗಾಗಿ ಸಾಲು ಬೆಳೆಯುತ್ತದೆ, ಮೌನವೂ ಬೆಳೆಯುತ್ತದೆ. ಏಜೆಂಟರಿಗೆ ದಿನಕ್ಕೆ ಎಷ್ಟು ಬರುತ್ತವೆ ಎಂಬುದು ನನಗೆ ಅರ್ಥವಾಗುತ್ತದೆ. ಹನ್ನೆರಡು ವಾರ ತೆಗೆದುಕೊಳ್ಳಲಿ, ಇಪ್ಪತ್ತು ತೆಗೆದುಕೊಳ್ಳಲಿ. ಬೇಡ ಎಂಬ ಎರಡಕ್ಷರ ಬರೆಯಲಿ. ಪ್ರಕಾಶಕರ ಮುಂದೆ ಲೇಖಕನ ಬದಲು ಕಾಯಲು ಹುಟ್ಟಿದ ಕಸುಬು, ಈಗ ತಾನೇ ಕಾಯಿಸುವ ಬಾಗಿಲಾಗಿದೆ.

ನಮ್ಮ ಕಡೆ ಬೇರೆ ರೀತಿ ಇತ್ತು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಶುರುಮಾಡಿದ ಮನೋಹರ ಗ್ರಂಥಮಾಲೆಗೆ ಚಂದಾದಾರರಿದ್ದರು. ಲೇಖಕರು ಅಟ್ಟ ಹತ್ತಿ ಹೋಗಿ ಹಸ್ತಪ್ರತಿ ಕೊಡುತ್ತಿದ್ದರು, ಓದಿ ಹೇಳುತ್ತಿದ್ದರು, ಮುಖ ನೋಡಿಯೇ ಉತ್ತರ ತಿಳಿಯುತ್ತಿತ್ತು. ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ ಅಲ್ಲಿಂದಲೇ ಹೊರಬಂದಾಗ ಕಾರ್ನಾಡರು ಆಕ್ಸ್‌ಫರ್ಡಿನಲ್ಲಿದ್ದರು. ನಾರಾಯಣ್ ಮೈಸೂರಿನಲ್ಲಿ ಕೂತು ಆಕ್ಸ್‌ಫರ್ಡಿನ ಸುದ್ದಿಗೆ ಕಾದ ಕಾಲು ಶತಮಾನದ ಮೇಲೆ ಆಕ್ಸ್‌ಫರ್ಡಿನ ಹುಡುಗನ ಪುಸ್ತಕ ಧಾರವಾಡದಲ್ಲಿ ಅಚ್ಚಾಯಿತು. ಇದನ್ನು ಸ್ವರ್ಗವೆಂದು ಬಣ್ಣಿಸಲು ನಾನು ತಯಾರಿಲ್ಲ. ಅಟ್ಟ ಹತ್ತುವ ಧೈರ್ಯ ಎಲ್ಲರಿಗೂ ಇರಲಿಲ್ಲ, ಎಲ್ಲರನ್ನೂ ಅಟ್ಟ ಕರೆಯಲೂ ಇಲ್ಲ. ಹೆಂಗಸರು ಎಷ್ಟು ಜನ ಹತ್ತಿದರು ಎಂದು ಎಣಿಸುವುದೇ ನನ್ನ ಪ್ರಬಂಧದ ಒಂದು ಅಧ್ಯಾಯ.

ನಾನು ಅನುವಾದಿಸಿದ ಲೇಖಕರು ತಮ್ಮ ಕಾದಂಬರಿಗಳನ್ನೆಲ್ಲ ಹಾಗೆಯೇ ಕೈಯಿಂದ ಕೈಗೆ ಕೊಟ್ಟವರು. ಭಾನುವಾರ ಬೆಳಗ್ಗೆ ಫೋನ್ ಮಾಡುತ್ತಾರೆ. "ಏನರ ಸುದ್ದಿ ಬಂತೇನ ತಂಗಿ?" ಇನ್ನೂ ಇಲ್ಲ ಸರ್ ಎನ್ನುತ್ತೇನೆ. "ಇರ್ಲಿ ಬಿಡು, ಓದಾಕ ಹೊತ್ತು ಬೇಕಲ್ಲ" ಎನ್ನುತ್ತಾರೆ. ಓದದೆಯೂ ಬೇಡವೆನ್ನಬಹುದು, ಏನೂ ಅನ್ನದೆಯೂ ಇರಬಹುದು ಎಂದು ಅವರಿಗೆ ವಿವರಿಸಲು ನನಗೆ ಬಾಯಿ ಬಂದಿಲ್ಲ. ಅವರ ಹತ್ತಿರ ಹನ್ನೆರಡು ವಾರಗಳು ಎಷ್ಟಿವೆ ಎಂಬ ಲೆಕ್ಕವೂ ಮನಸ್ಸಿನಲ್ಲಿ ಸುಳಿಯುತ್ತದೆ.

ಕಳೆದ ವಾರ ಮಾತು ಬದಲಿಸಲೆಂದು ಥೇಮ್ಸ್ ನದಿಯ ಕತೆ ಹೇಳಿದೆ. ಕಲ್ಲು ಕಟ್ಟುವ ಜಾಗಕ್ಕೆ ಬಂದಾಗ ನಕ್ಕರು. ಮಳೆಯ ದಿನದ ಜಾಗಕ್ಕೆ ಬಂದಾಗ ಸುಮ್ಮನಾದರು. ಎಲ್ಲ ಮುಗಿದ ಮೇಲೆ ಕೇಳಿದರು:

"ಆ ಗೆಳ್ಯಾ, ಕಟ್ಟು ಒಯ್ದು ಕೊಟ್ಟಾಂವ, ಅವಗ ಎಷ್ಟು ಪರ್ಸೆಂಟ್ ಕೊಟ್ರು?"

ಪರ್ಸೆಂಟ್ ಏಜೆಂಟರಿಗೆ ಸರ್, ಎಂದೆ. ಅಲ್ಲಿ ಲಂಡನ್ನಿನಲ್ಲಿ ಈಗ ಮಳೆಗಾಲವೇನು ಎಂದು ಕೇಳಿದರು.